ಪಂಜರದ ಫಿಂಚುಗಳೂ ಶ್ರಾವಕನ ಅಣುವ್ರತವೂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮೈಸೂರು ರಸ್ತೆಗೆ ಹೊಂದಿಕೊಂಡಿರುವ ದೀಪಾಂಜಲಿ ನಗರದಂಥ ಬಡಾವಣೆಗಳಲ್ಲಿ ಮನೆಗಳು ಅಡ್ಡಕ್ಕೆ ಹರಡುವ ಕಾಲ ಕಳೆದು ಮೇಲಕ್ಕೆ ಬೆಳೆಯುವ ಕಾಲ ಬಂದು ಬಹಳ ವರ್ಷಗಳಾದವು. ಅಂಗಳವಿದ್ದ ಕಡೆ ಬಾಲ್ಕನಿ ಬಂದಿದೆ. ಆ ಬಾಲ್ಕನಿಗೆ ಪಾರಿವಾಳ ಬಾರದಿರಲೆಂದು ಮೊದಲು ಒಂದು ಬಲೆ. ಆಮೇಲೆ, ಮಕ್ಕಳ ಆಸೆಗೆಂದೋ ಮನೆಗೆ ಕಳೆ ಬರಲೆಂದೋ, ಅದರೊಳಗೆ ಸಣ್ಣ ಕಣ್ಣಿನ ಇನ್ನೊಂದು ಜಾಲರಿ. ಹೊರಗಿನ ಬಲೆ ಹಕ್ಕಿ ಒಳಗೆ ಬಾರದಂತೆ, ಒಳಗಿನದು ಹಕ್ಕಿ ಹೊರಗೆ ಹೋಗದಂತೆ! ಎರಡರ ನಡುವೆ ಜೀಬ್ರಾ ಫಿಂಚ್, ಬೆಂಗಾಲೀಸ್, ಜಾವಾ ಗುಬ್ಬಿ ಎಂಬ ಹೆಸರಿನ ಬೆರಳುದ್ದದ, ಗೇಣುದ್ದದ ಜೀವಗಳು. ಮೂಲೆಯಲ್ಲಿ ಮಣ್ಣಿನ ಕುಡಿಕೆಗಳನ್ನು ಕಟ್ಟಿ, ಒಣಹುಲ್ಲು ಇಟ್ಟು, ಅವು ಮರಿ ಮಾಡುವುದನ್ನು ನೋಡಿ ಸಂತೋಷಪಡುವ ಹವ್ಯಾಸವು ಈಚಿನ ವರ್ಷಗಳಲ್ಲಿ ಜೈನ ಕುಟುಂಬಗಳನ್ನೂ ಮುಟ್ಟಿದೆ. ಬಸದಿಯ ಅಥವಾ ಸಭಾಭವನದ ಆವರಣದಲ್ಲಿ ಇಂಥದೊಂದು ಹಕ್ಕಿಮನೆಯನ್ನು ಕಟ್ಟಿಸಿಕೊಡುತ್ತೇನೆಂದು ದಾನಿಯೊಬ್ಬರು ಮುಂದೆ ಬಂದರೆ ಟ್ರಸ್ಟಿನವರು ಏನು ಹೇಳಬೇಕು ಎಂಬ ಪ್ರಶ್ನೆಯೂ ಇದರ ಹಿಂದೆಯೇ ಬರುತ್ತದೆ. ಆದುದರಿಂದ ಈ ಹವ್ಯಾಸವನ್ನು ಅಣುವ್ರತದ ಒರೆಗಲ್ಲಿಗೆ ಹಚ್ಚಿ ನೋಡುವುದು ಅಗತ್ಯ.

ಸಾಕುವವರ ಪಕ್ಷವನ್ನು ಮೊದಲು ಕೇಳಬೇಕು. ಅದು ದುರ್ಬಲವಾದ ಪಕ್ಷವೇನಲ್ಲ. ಈ ಹಕ್ಕಿಗಳನ್ನು ಕಾಡಿನಿಂದ ಹಿಡಿದು ತಂದಿಲ್ಲ, ಪಂಜರದಲ್ಲಿ ಹುಟ್ಟಿದ ತಲೆಮಾರುಗಳ ಸಂತತಿ ಇವು ಎಂಬುದು ಮೊದಲನೆಯ ಮಾತು. ಇದು ಬಹುಮಟ್ಟಿಗೆ ನಿಜ. ಜೀಬ್ರಾ ಫಿಂಚಿನ ತಾಯ್ನಾಡು ಆಸ್ಟ್ರೇಲಿಯಾ. ಅಲ್ಲಿಂದ ಹಕ್ಕಿಗಳ ವಾಣಿಜ್ಯ ರಫ್ತು ನಿಂತು ಅರ್ಧ ಶತಮಾನಕ್ಕೂ ಹೆಚ್ಚಾಯಿತು. ಬೆಂಗಾಲೀಸ್ ಎಂಬ ಹಕ್ಕಿಗೆ ಬಂಗಾಳದ ಹೆಸರು ಅಂಟಿಕೊಂಡಿದ್ದರೂ ಅದನ್ನು ಪಳಗಿಸಿ ಹೊಸ ತಳಿಯಾಗಿ ರೂಪಿಸಿದವರು ಜಪಾನಿನವರು. ಅದಕ್ಕೆ ಕಾಡಿನಲ್ಲಿ ನೆಲೆಯೇ ಇಲ್ಲ. ಎರಡನೆಯದು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ನಮ್ಮ ದೇಶದ ಗಿಳಿಯನ್ನಾಗಲಿ, ಕನ್ನಡದಲ್ಲಿ ರಾಟವಾಳವೆಂದು ಕರೆಯುವ ಮುನಿಯಾ ಹಕ್ಕಿಯನ್ನಾಗಲಿ ಹಿಡಿದು ಮಾರುವುದು ಅಪರಾಧ. ಈ ವಿದೇಶೀ ಫಿಂಚುಗಳಿಗೆ ಆ ನಿಷೇಧ ಅನ್ವಯಿಸದು. ಮೂರನೆಯದು ಜೈನ ಮನೆಗೆ ಬಹಳ ಒಪ್ಪುವ ಮಾತು: ನಾಯಿ ಬೆಕ್ಕುಗಳಿಗಾದರೆ ಮಾಂಸದ ಪ್ರಶ್ನೆ ಏಳುತ್ತದೆ, ಇವು ನವಣೆ ಸಾಮೆ ತಿನ್ನುವ ಸಾಧುಪ್ರಾಣಿಗಳು. ಕೊನೆಯದಾಗಿ, ಸಾಕುವವರ ಭಾವ ಶುದ್ಧವಾಗಿದೆ. ಹೊತ್ತುಹೊತ್ತಿಗೆ ಕಾಳು ನೀರು ದೊರೆಯುತ್ತದೆ; ಬೆಕ್ಕಿನ ಭಯವಿಲ್ಲ, ಹದ್ದಿನ ಭಯವಿಲ್ಲ; ಮಕ್ಕಳು ದಯೆಯನ್ನು ಕಲಿಯುತ್ತಾರೆ.

ಈ ನಾಲ್ಕರಲ್ಲಿ ಕಾನೂನಿನ ಮಾತನ್ನು ಬೇಗನೆ ಮುಗಿಸಬಹುದು. ರಾಜದಂಡಕ್ಕೆ ಸಿಕ್ಕದ ಕೆಲಸವೆಲ್ಲ ವ್ರತಕ್ಕೆ ಒಪ್ಪುವ ಕೆಲಸವಾಗುವುದಾದರೆ ವ್ರತಗಳ ಅಗತ್ಯವೇ ಇರುತ್ತಿರಲಿಲ್ಲ. ಅದೂ ಅಲ್ಲದೆ ಕಾನೂನು ಕೂಡ ಅಷ್ಟು ನಿರಾತಂಕವಾದ ಆಶ್ರಯವಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು, ಚಲನವಲನಕ್ಕೆ ತಕ್ಕಷ್ಟು ಎತ್ತರ ಉದ್ದ ಅಗಲಗಳಿಲ್ಲದ ಪಂಜರದಲ್ಲಿ ಯಾವ ಪ್ರಾಣಿಯನ್ನಿಟ್ಟರೂ ಅದು ಕ್ರೌರ್ಯವೆಂದು ಹೇಳುತ್ತದೆ. ಅಲ್ಲಿ ದೇಶೀ ವಿದೇಶೀ ಭೇದವಿಲ್ಲ. ಪಂಜರದ ಹಕ್ಕಿಗೆ ಆಕಾಶದ ಹಕ್ಕಿದೆ ಎಂಬ ಅಭಿಪ್ರಾಯವನ್ನು ಗುಜರಾತಿನ ಉಚ್ಚ ನ್ಯಾಯಾಲಯ 2011ರಲ್ಲಿಯೂ ದೆಹಲಿಯ ಉಚ್ಚ ನ್ಯಾಯಾಲಯ 2015ರಲ್ಲಿಯೂ ವ್ಯಕ್ತಪಡಿಸಿವೆ. ಲೌಕಿಕ ನ್ಯಾಯವೇ ಇಷ್ಟು ದೂರ ಬಂದಿರುವಾಗ ಶ್ರಾವಕನು ಅದಕ್ಕಿಂತ ಹಿಂದೆ ನಿಂತು ಸಮಾಧಾನಪಡುವುದು ಶೋಭಿಸದು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾಗದ ಹೊರೆ ಹೇರುವುದು, ಉಪವಾಸ ಕೆಡಹುವುದು ಇವೆಲ್ಲ ನೋಡಿದೊಡನೆ ಕ್ರೂರವೆನಿಸುವ ಕಾರ್ಯಗಳು. ಆದರೆ ಪಟ್ಟಿಯ ಮೊದಲಿನ ಸ್ಥಾನದಲ್ಲಿ ಕುಳಿತಿರುವುದು ಬಂಧ. ಇಷ್ಟ ಬಂದ ಕಡೆಗೆ ಹೋಗಬಲ್ಲ ಜೀವವನ್ನು ಹೋಗದಂತೆ ತಡೆಯುವುದು. ಇದಕ್ಕೆ ಹಸುಕರುಗಳನ್ನು ಕಟ್ಟುವ ರೂಢಿಯನ್ನು ಮುಂದೊಡ್ಡಿ ಆಕ್ಷೇಪಿಸುವವರುಂಟು. ಟೀಕಾಕಾರರು ಆ ಪ್ರಶ್ನೆಯನ್ನು ಎದುರಿಸದೆ ಬಿಟ್ಟಿಲ್ಲ. ಪ್ರಯೋಜನವಿದ್ದು ಕಟ್ಟುವುದು ಬೇರೆ, ಪ್ರಯೋಜನವಿಲ್ಲದೆ ಕಟ್ಟುವುದು ಬೇರೆ. ಬೆಂಕಿ ಬಿದ್ದರೆ ಪ್ರಾಣಿ ಬಿಡಿಸಿಕೊಂಡು ಪಾರಾಗುವಂತೆ ಸಡಿಲವಾಗಿ ಕಟ್ಟುವುದು ಬೇರೆ, ಬಿಗಿದು ಕಟ್ಟುವುದು ಬೇರೆ ಎಂದು ಅವರು ವಿಂಗಡಿಸಿದ್ದಾರೆ. ಮೂರನೆಯ ಮಹಡಿಯ ಜಾಲರಿಯನ್ನು ಈ ವಿಂಗಡಣೆಯ ಯಾವ ಮನೆಯಲ್ಲಿ ಕೂರಿಸುವುದು? ಫಿಂಚು ಹಾಲು ಕೊಡದು, ಗಾಡಿ ಎಳೆಯದು, ಮನೆ ಕಾಯದು. ಅದರಿಂದ ಆಗುವ ಪ್ರಯೋಜನ ನೋಡುವವರ ಕಣ್ಣಿಗೆ ಮಾತ್ರ. ಮನೆಗೆ ಬೀಗ ಹಾಕಿ ಊರಿಗೆ ಹೋದ ದಿನ ಅದು ತಾನಾಗಿ ಬಿಡಿಸಿಕೊಳ್ಳುವ ಗಂಟು ಯಾವುದೂ ಅಲ್ಲಿಲ್ಲ. ಅನರ್ಥದಂಡವೆಂದು ಶಾಸ್ತ್ರ ಕರೆಯುವುದು ಇಂಥದನ್ನೇ.

ಇಷ್ಟು ಹೇಳಿದರೂ, ಎರಡು ಹಕ್ಕಿಗಳನ್ನು ದೊಡ್ಡ ಪಂಜರದಲ್ಲಿಟ್ಟು ಪ್ರೀತಿಯಿಂದ ನೋಡಿಕೊಳ್ಳುವ ಮನೆಯ ದೋಷ ಅಲ್ಪವೆಂದು ಒಪ್ಪಬಹುದು. ಹಲವು ಜಾತಿಗಳನ್ನು ಒಂದೇ ಜಾಲರಿಯಲ್ಲಿ ಕೂಡಿಸಿ ಮರಿ ಮಾಡಿಸಲು ಹೊರಟಲ್ಲಿ ವಿಷಯ ಬೇರೆಯ ಘಟ್ಟವನ್ನು ಮುಟ್ಟುತ್ತದೆ. ಹೊರಗಿನಿಂದ ನೋಡಿದವರಿಗೆ ಹಕ್ಕಿಮನೆ ಒಂದು ಸಣ್ಣ ಸಮವಸರಣದಂತೆ ಕಾಣುತ್ತದೆ: ಬಣ್ಣಬಣ್ಣದ ಜೀವಗಳು ವೈರವಿಲ್ಲದೆ ಒಂದೇ ಕೊಂಬೆಯ ಮೇಲೆ ಕುಳಿತಿವೆ! ಗೂಡು ಕಟ್ಟುವ ಕಾಲ ಬಂದೊಡನೆ ಈ ಚಿತ್ರ ಒಡೆಯುತ್ತದೆ. ಜೀಬ್ರಾ ಫಿಂಚು ಗಾತ್ರದಲ್ಲಿ ಚಿಕ್ಕದಾದರೂ ಗೂಡಿನ ವಿಷಯದಲ್ಲಿ ಜಗಳಗಂಟ. ಇನ್ನೊಂದು ಜೋಡಿಯ ಕುಡಿಕೆಯೊಳಗೆ ನುಗ್ಗುತ್ತದೆ, ಅದು ಕೂಡಿಟ್ಟ ಹುಲ್ಲನ್ನು ಎಳೆದೊಯ್ಯುತ್ತದೆ. ತನ್ನ ಮೊಟ್ಟೆಗಳ ಮೇಲೆಯೇ ಮತ್ತೆ ಹುಲ್ಲು ಹೊದಿಸಿ, ಅದರ ಮೇಲೆ ಹೊಸದಾಗಿ ಮೊಟ್ಟೆಯಿಡುವ ಸ್ವಭಾವವೂ ಅದಕ್ಕುಂಟು; ಕೆಳಗಿನವು ಕಾವಿಲ್ಲದೆ ಸಾಯುತ್ತವೆ. ಬೆಂಗಾಲೀಸಿನದು ಇದಕ್ಕೆ ವಿರುದ್ಧವಾದ ಗುಣ. ಅವು ಕೂಡಿ ಬಾಳುವ ಹಕ್ಕಿಗಳು. ಆರೇಳು ಒಂದೇ ಕುಡಿಕೆಯಲ್ಲಿ ಒತ್ತೊತ್ತಾಗಿ ಮಲಗುತ್ತವೆ. ಆ ಸ್ನೇಹದ ಒತ್ತಡದಲ್ಲಿಯೇ ಮೊಟ್ಟೆ ಒಡೆಯುತ್ತದೆ, ಮರಿ ತುಳಿತಕ್ಕೆ ಸಿಗುತ್ತದೆ. ಗಂಡುಗಳ ಸಂಖ್ಯೆ ಹೆಚ್ಚಾದರೆ ಕಾದಾಟ. ಜಾಗ ಸಾಲದಾದರೆ ಒಂದರ ಪುಕ್ಕವನ್ನು ಇನ್ನೊಂದು ಕೀಳುವುದು. ಕಾಡಿನಲ್ಲಿಯೂ ಹಕ್ಕಿಗಳು ಕಾದಾಡುತ್ತವೆ ನಿಜ, ಆದರೆ ಅಲ್ಲಿ ಸೋತ ಹಕ್ಕಿಗೆ ಹಾರಿಹೋಗಲು ಇನ್ನೊಂದು ಮರವಿರುತ್ತದೆ. ಜಾಲರಿಯೊಳಗೆ ಸೋತದ್ದು ಗೆದ್ದದ್ದರ ಕಣ್ಣೆದುರಿಗೇ ಬದುಕಬೇಕು.

ಮಳೆ ಬಂದು ಹುಲ್ಲು ಕಾಳುಗಟ್ಟಿದಾಗ ಮರಿ ಮಾಡುವುದು ಜೀಬ್ರಾ ಫಿಂಚಿನ ಮೂಲ ಸ್ವಭಾವ. ಬಾಲ್ಕನಿಯಲ್ಲಿ ಕಾಳಿಗೂ ನೀರಿಗೂ ಎಂದೂ ಕೊರತೆಯಿಲ್ಲವಾದ್ದರಿಂದ ಅದಕ್ಕೆ ವರ್ಷವೆಲ್ಲ ಮಳೆಗಾಲವೇ. ನಾಲ್ಕರಿಂದ ಆರು ಮೊಟ್ಟೆ, ಹದಿಮೂರು ಹದಿನಾಲ್ಕು ದಿನಗಳ ಕಾವು, ಮೂರು ವಾರಗಳಿಗೆ ಗೂಡಿನಿಂದ ಹೊರಬರುವ ಮರಿ. ಅಷ್ಟರಲ್ಲಿ ತಾಯಿ ಮತ್ತೆ ಮೊಟ್ಟೆಗೆ ಸಿದ್ಧ. ಬಿಡುವಿಲ್ಲದೆ ಮೊಟ್ಟೆಯಿಟ್ಟ ಹೆಣ್ಣಿನ ದೇಹದಲ್ಲಿ ಸುಣ್ಣದ ಅಂಶ ಬರಿದಾಗಿ, ಮೊಟ್ಟೆ ಹೊರಬಾರದೆ ಸಿಕ್ಕಿಕೊಂಡು, ಅದು ನೆಲದ ಮೇಲೆ ಉಬ್ಬಿ ಕುಳಿತು ಸಾಯುವುದನ್ನು ಬಹುಕಾಲ ಸಾಕಿದವರು ಬಲ್ಲರು. ಹೊತ್ತುಹೊತ್ತಿಗೆ ಅನ್ನಪಾನ ಕೊಟ್ಟದ್ದೇ ಇಲ್ಲಿ ಸಾವಿನ ಕಾರಣವಾಗಿರುವುದು ಗಮನಿಸತಕ್ಕದ್ದು. ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನು ತಪ್ಪಿಸಿಕೊಂಡ ಸಾಕುವವನು ಬಂಧದ ಮೂಲಕ ವಧಕ್ಕೆ ಬಂದು ತಲುಪಿದ್ದಾನೆ.

ಇನ್ನು ಸಸ್ಯಾಹಾರದ ಮಾತು. ಇದು ಜೈನ ಮನೆಗಳಲ್ಲಿ ಹೆಚ್ಚು ನೆಚ್ಚಿಕೊಂಡಿರುವ ವಾದವಾದುದರಿಂದ ಇದರ ಲೆಕ್ಕಪತ್ರವನ್ನು ತುಸು ನಿಧಾನವಾಗಿ ನೋಡಬೇಕು. ಬೆಳೆದ ಫಿಂಚು ಕಾಳಿನ ಮೇಲೆ ಬದುಕುತ್ತದೆ, ಸರಿ. ಮರಿ ಬೆಳೆಯುವುದು ಒಣಕಾಳಿನಿಂದಲ್ಲ. ಆದುದರಿಂದಲೇ ಮರಿ ಮಾಡಿಸುವವರು ಬೇಯಿಸಿದ ಕೋಳಿಮೊಟ್ಟೆಯನ್ನು ಪುಡಿಮಾಡಿ ಇಡುತ್ತಾರೆ. ಅಂಗಡಿಯಲ್ಲಿ ಸಿಗುವ ತಯಾರಿ ಆಹಾರದ ಡಬ್ಬಿಗಳಲ್ಲಿಯೂ ಅನೇಕವೇಳೆ ಮೊಟ್ಟೆಯೇ ಮುಖ್ಯ ವಸ್ತು. ಕೆಂಪು ರಾಟವಾಳದ ಬಳಗಕ್ಕೆ ಸೇರಿದ ಚಿಕ್ಕ ಜಾತಿಗಳು ಮರಿಗೆ ಹುಳುಗಳನ್ನು ಉಣಿಸುತ್ತವೆ. ಅವುಗಳಿಗಾಗಿ ಹಿಟ್ಟಿನಲ್ಲಿ ಜೀವಂತ ಹುಳುಗಳನ್ನು ಬೆಳೆಸಿ ಹಾಕುವುದು ವಾಡಿಕೆ. ಇವೆರಡೂ ಬೇಡವೆಂದವರು ಕಾಳನ್ನು ನೆನೆಸಿ ಮೊಳಕೆ ಬರಿಸಿ ಕೊಡುತ್ತಾರೆ, ಜೀಬ್ರಾ ಫಿಂಚಿಗೂ ಬೆಂಗಾಲೀಸಿಗೂ ಅಷ್ಟು ಸಾಕಾಗುತ್ತದೆ. ಆದರೆ ಮೊಳಕೆಯ ಅವಸ್ಥೆಯಲ್ಲಿರುವ ಧಾನ್ಯವನ್ನು ಅನಂತಕಾಯವೆಂದು ಎಣಿಸಿ ತಾವು ಬಿಡುವ ಮನೆಯವರು, ಅದನ್ನೇ ಪ್ರತಿದಿನ ಬಟ್ಟಲು ತುಂಬ ಹಕ್ಕಿಗೆ ಸಿದ್ಧಮಾಡುವಾಗ ಆ ಎಣಿಕೆಯನ್ನು ಎಲ್ಲಿ ಇಟ್ಟಿರುತ್ತಾರೆ? ಸುಣ್ಣದ ಅಂಶಕ್ಕೆಂದು ಜಾಲರಿಗೆ ಸಿಕ್ಕಿಸುವ ಬಿಳಿಯ ತುಂಡಿನ ವಿಷಯವೂ ಹೀಗೆಯೇ. ಅದಕ್ಕೆ ಸಮುದ್ರಫೇನ, ಕಡಲನೊರೆ ಎಂಬ ಹೆಸರುಗಳಿವೆ. ಹೆಸರು ಕೇಳಿದರೆ ಅಲೆಯ ನೊರೆ ಗಟ್ಟಿಯಾದದ್ದೆಂದು ತೋರುತ್ತದೆ. ವಾಸ್ತವದಲ್ಲಿ ಅದು ಕಡಲಿನ ಮೃದ್ವಂಗಿಯೊಂದರ ದೇಹದೊಳಗಿನ ಚಿಪ್ಪು. ಸುಂದರವಾದ ಹೆಸರಿನಿಂದ ವಸ್ತುವಿನ ಮೂಲ ಮರೆಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ವರ್ತಕರ ಮನೆಗಳಲ್ಲಿ ಸುಲಭವಾಗಿ ತಿಳಿಯುವ ಇನ್ನೊಂದು ಲೆಕ್ಕವಿದೆ. ಒಂದು ಜೋಡಿ ವರ್ಷಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಮರಿಯೆಂದು ಹಿಡಿದರೂ ಹನ್ನೆರಡಾಯಿತು. ಮರಿಗಳು ಮೂರು ತಿಂಗಳೊಳಗೆ ತಾವೂ ಮರಿ ಮಾಡಬಲ್ಲವು. ಚಕ್ರಬಡ್ಡಿಯನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಜಾಲರಿಯ ಅಳತೆ ಮಾತ್ರ ಬೆಳೆಯುವುದಿಲ್ಲ. ಹೆಚ್ಚಾದ ಹಕ್ಕಿಗಳು ಎಲ್ಲಿಗೆ ಹೋಗಬೇಕು? ಮೊದಲು ನೆಂಟರಿಷ್ಟರಿಗೆ, ಆಮೇಲೆ ಅಂಗಡಿಗೆ. ಅಂಗಡಿಯವನು ಹಣ ಕೊಡುತ್ತಾನೆ, ಅಥವಾ ಅದರ ಬದಲಿಗೆ ಕಾಳು ಕೊಡುತ್ತಾನೆ. ಖಾತೆಯಲ್ಲಿ ಎರಡೂ ಜಮೆಯೇ. ಆ ಹಕ್ಕಿ ಅಲ್ಲಿಂದ ಯಾವ ಪಂಜರಕ್ಕೆ ಹೋಯಿತು, ಎಷ್ಟು ದಿನ ಬದುಕಿತು ಎಂಬುದನ್ನು ಯಾವ ಖಾತೆಯೂ ಹೇಳುವುದಿಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳನ್ನು ವಿವರಿಸುವಾಗ, ಹಣಕ್ಕಾಗಿ ಗಿಳಿ ಗೊರವಂಕ ಮುಂತಾದವುಗಳನ್ನು ಸಾಕುವುದನ್ನು ಅಸತೀಪೋಷಣವೆಂಬ ಹೆಸರಿನಲ್ಲಿ ಸೇರಿಸಿದ್ದಾರೆ. ಎಂಟುನೂರು ವರ್ಷಗಳ ಹಿಂದೆಯೇ ಈ ವ್ಯಾಪಾರದ ಮೇಲೆ ಆಚಾರ್ಯರ ಕಣ್ಣು ಬಿದ್ದಿತ್ತು. ಪರಿಗ್ರಹ ಪರಿಮಾಣದ ಪ್ರಕರಣದಲ್ಲಿ ಅವರು ಇನ್ನೂ ಸೂಕ್ಷ್ಮವಾದ ಮಾತೊಂದನ್ನು ಎತ್ತುತ್ತಾರೆ: ಇಷ್ಟೇ ದನಗಳೆಂದು ಮಿತಿ ಹಾಕಿಕೊಂಡವನು ಗರ್ಭದಲ್ಲಿರುವ ಕರುವನ್ನು ಲೆಕ್ಕಕ್ಕೆ ಹಿಡಿಯದೆ ತನ್ನ ವ್ರತ ಉಳಿದಿದೆಯೆಂದು ಭಾವಿಸಿದರೆ ಅದೂ ಅತಿಚಾರವೇ. ಕುಡಿಕೆಯೊಳಗಿನ ಮೊಟ್ಟೆಗೆ ಈ ಮಾತು ಹಾಗೆಯೇ ಸಲ್ಲುತ್ತದೆ. ಅಂಡಜಗಳ ಜನ್ಮವನ್ನು ತತ್ತ್ವಾರ್ಥಸೂತ್ರವು ಗರ್ಭಜನ್ಮದಲ್ಲಿಯೇ ಸೇರಿಸಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಉಳಿದದ್ದು ಭಾವಶುದ್ಧಿಯ ವಾದ. ಇದನ್ನು ಪರೀಕ್ಷಿಸಲು ಕನ್ನಡ ಓದುಗರಿಗೆ ಜನ್ನನ ಯಶೋಧರ ಚರಿತೆಗಿಂತ ಹತ್ತಿರದ ಗ್ರಂಥ ಇನ್ನೊಂದಿಲ್ಲ. 1209ರಲ್ಲಿ ರಚಿತವಾದ ಈ ಕಾವ್ಯವನ್ನು ಜೈನ ಮನೆಗಳಲ್ಲಿ ಸಾಮಾನ್ಯವಾಗಿ ಹಿಟ್ಟಿನ ಕೋಳಿಯ ಕಥೆಯೆಂದೇ ನೆನೆಯುತ್ತಾರೆ. ತಾಯಿ ಚಂದ್ರಮತಿಯ ಮಾತಿಗೆ ಮಣಿದು ಯಶೋಧರನು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿ ಕೊಡುತ್ತಾನೆ. ಜೀವವಿಲ್ಲದ ಕೋಳಿಯಾದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಸಂಕಲ್ಪವೇ ಹಿಂಸೆಯ ಬೀಜ ಎಂಬ ಪಾಠವನ್ನು ಇದರಿಂದ ಕಲಿತವರು ಅದನ್ನು ತಿರುಗಿಸಿ, ಕೊಲ್ಲುವ ಸಂಕಲ್ಪವಿಲ್ಲದ ಕಡೆ ಹಿಂಸೆಯೂ ಇಲ್ಲವೆಂದು ಹೇಳುವುದುಂಟು. ಫಿಂಚು ಸಾಕುವವರ ಸಮಾಧಾನ ನಿಂತಿರುವುದು ಈ ತಿರುಗಿಸಿದ ಪಾಠದ ಮೇಲೆ.

ಕಾವ್ಯವನ್ನು ಕೊನೆಯವರೆಗೆ ಓದಿದವರಿಗೆ ಈ ಸಮಾಧಾನ ದಕ್ಕುವುದಿಲ್ಲ. ಜನ್ನನಲ್ಲಿ ಹಿಟ್ಟಿನ ಕೋಳಿಯ ಜೊತೆಗೆ ಜೀವಂತ ಕೋಳಿಗಳೂ ಇವೆ. ನವಿಲು, ನಾಯಿ ಮೊದಲಾದ ಭವಗಳನ್ನು ದಾಟಿ ಆ ತಾಯಿಮಗ ಕಡೆಯ ತಿರ್ಯಗ್ಜನ್ಮದಲ್ಲಿ ಕೋಳಿಗಳಾಗಿ ಹುಟ್ಟುತ್ತಾರೆ. ಅರಸನ ವಿನೋದಕ್ಕೆಂದು ಚಂಡಕರ್ಮನೆಂಬ ತಳವಾರನ ಪಾಲನೆಯಲ್ಲಿ ಬೆಳೆಯುತ್ತಾರೆ. ಚಂಡಕರ್ಮನಿಗೆ ಅವುಗಳನ್ನು ಕೊಲ್ಲುವ ಸಂಕಲ್ಪವಿಲ್ಲ. ಅವನು ಉದ್ಯಾನದಲ್ಲಿ ಮುನಿಯ ಬಾಯಿಂದ ಧರ್ಮವನ್ನು ಕೇಳುತ್ತಿರುವಾಗ, ಅದೇ ಮಾತು ಕಿವಿಗೆ ಬಿದ್ದು ಕೋಳಿಗಳಿಗೆ ಹಿಂದಿನ ಜನ್ಮಗಳ ಸ್ಮರಣೆಯುಂಟಾಗಿ ಅವು ಕೂಗುತ್ತವೆ. ರಾಣಿಯೊಡನೆ ಅಲ್ಲಿಯೇ ವಿಹರಿಸುತ್ತಿದ್ದ ಅರಸ ಯಶೋಮತಿಯು ದನಿಯನ್ನು ಗುರಿಯಾಗಿಸಿ ಬಾಣ ಬಿಡುವ ತನ್ನ ಜಾಣ್ಮೆಯನ್ನು ತೋರಿಸಲು ಅವೆರಡನ್ನೂ ಕೆಡಹುತ್ತಾನೆ. ಅವನಿಗೂ ಆ ಕೋಳಿಗಳ ಮೇಲೆ ದ್ವೇಷವಿರಲಿಲ್ಲ, ತನ್ನ ತಂದೆಯೂ ಅಜ್ಜಿಯೂ ಅವೆಂಬ ಅರಿವೂ ಇರಲಿಲ್ಲ. ಒಬ್ಬ ಸಾಕಿದ, ಇನ್ನೊಬ್ಬ ರಂಜನೆಗೆ ಬಾಣ ಬಿಟ್ಟ. ನಡುವೆ ಎರಡು ಜೀವಗಳು ಸತ್ತವು. ಹಿಟ್ಟಿನ ಕೋಳಿಯಲ್ಲಿ ಜೀವವಿಲ್ಲದೆ ಸಂಕಲ್ಪವಿತ್ತು, ಈ ಕೋಳಿಗಳಲ್ಲಿ ದ್ವೇಷವಿಲ್ಲದೆ ಪ್ರಾಣಹಾನಿಯಾಯಿತು. ಎರಡನ್ನೂ ಕವಿ ಒಂದೇ ಕಾವ್ಯದ ಎರಡು ತುದಿಗಳಲ್ಲಿ ಇಟ್ಟಿರುವುದು ಆಕಸ್ಮಿಕವಲ್ಲ. ಶಾಸ್ತ್ರವು ಹಿಂಸೆಯನ್ನು ನಿರೂಪಿಸುವಾಗ ಕ್ರೌರ್ಯವೆಂಬ ಪದವನ್ನು ಬಳಸದೆ ಪ್ರಮಾದವೆಂಬ ಪದವನ್ನು ಬಳಸಿದ್ದರ ಅರ್ಥ ಈ ಪ್ರಸಂಗದಲ್ಲಿ ತೆರೆದುಕೊಳ್ಳುತ್ತದೆ. ವಿನೋದಕ್ಕಾಗಿ ಜೀವವನ್ನಿಟ್ಟುಕೊಂಡ ಕಡೆ ಪ್ರಮಾದಕ್ಕೆ ಬಾಗಿಲು ತೆರೆದೇ ಇರುತ್ತದೆ. ಜನ್ನನ ವಿಮರ್ಶಕರು ಅಮೃತಮತಿಯ ಮನಸ್ಸಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಚಂಡಕರ್ಮನ ಕೋಳಿಗಳಿಗೆ ಅಷ್ಟು ಗಮನ ದೊರೆತಂತಿಲ್ಲ.

ಜೈನ ಸಮಾಜಕ್ಕೆ ಹಕ್ಕಿಗಳನ್ನು ಕೂಡಿಹಾಕುವ ಪರಂಪರೆಯೇ ಇಲ್ಲವೆಂದಲ್ಲ. ಪಿಂಜರಾಪೋಲ್ ಎಂಬ ಹೆಸರಿನಲ್ಲಿಯೇ ಪಂಜರವಿದೆ. ದೆಹಲಿಯ ಚಾಂದನಿ ಚೌಕದಲ್ಲಿ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಧರ್ಮಾರ್ಥ ಪಕ್ಷಿಚಿಕಿತ್ಸಾಲಯದಲ್ಲಿ ಸಾಲುಸಾಲು ಪಂಜರಗಳಿವೆ. ಆದರೆ ಅಲ್ಲಿಗೆ ಬರುವುದು ಗಾಳಿಪಟದ ದಾರಕ್ಕೆ ಸಿಕ್ಕಿದ, ಪಂಖಕ್ಕೆ ಬಡಿದ, ರೋಗ ತಗುಲಿದ ಹಕ್ಕಿಗಳು. ಗುಣವಾದವನ್ನು ಆಕಾಶಕ್ಕೆ ಬಿಡುವುದು ಅಲ್ಲಿನ ಪದ್ಧತಿ. ಹೊರಹೋಗುವ ದಿನವನ್ನು ಎದುರುನೋಡುವ ಪಂಜರ ಅದು. ಬೆಂಗಳೂರಿನಲ್ಲಿಯೂ, ಕೆಂಗೇರಿಯ ಕಡೆ, ಗಾಯಗೊಂಡ ಕಾಡುಜೀವಿಗಳಿಗೆ ಇಂಥ ಆಶ್ರಯವಿದೆ. ಗುಜರಾತಿನ ಊರುಗಳಲ್ಲಿ ಕಾಣುವ ಚಬೂತರವಂತೂ ಇನ್ನೂ ಅರ್ಥಪೂರ್ಣವಾದದ್ದು: ಎತ್ತರದ ಕಂಬದ ಮೇಲೆ ಚಿತ್ತಾರದ ಮಂಟಪ, ಅದರಲ್ಲಿ ಕಾಳು, ನೀರು, ಬಾಗಿಲೇ ಇಲ್ಲದ ಹಕ್ಕಿಮನೆ. ಹಕ್ಕಿಮನೆ ಕಟ್ಟಿಸುತ್ತೇನೆಂದು ಬರುವ ದಾನಿಯ ಹಣವನ್ನು ಟ್ರಸ್ಟಿನವರು ಈ ಎರಡು ದಾರಿಗಳಲ್ಲಿ ಒಂದಕ್ಕೆ ತಿರುಗಿಸಬಹುದು. (ಪಾರಿವಾಳಗಳಿಗೆ ಮೂಟೆಗಟ್ಟಲೆ ಕಾಳು ಸುರಿದು ನೆರೆಮನೆಯವರ ಆರೋಗ್ಯಕ್ಕೆ ತೊಂದರೆ ಮಾಡುವುದು ಬೇರೆಯೇ ಒಂದು ಪ್ರಮಾದ.)

ಟ್ರಸ್ಟುಗಳ ಮಟ್ಟಿಗೆ ಇನ್ನೊಂದು ಮಾತು. ಪರ್ವದ ದಿನಗಳಲ್ಲಿ ಅಂಗಡಿಯಿಂದ ಹಕ್ಕಿಗಳನ್ನು ಕೊಂಡು ಹಾರಿಬಿಡುವುದನ್ನು ಅಭಯದಾನವೆಂದು ತಿಳಿದವರಿದ್ದಾರೆ. ಬಿಡುವ ಹಕ್ಕಿ ರಾಟವಾಳವಾದರೆ, ಹಬ್ಬದ ಬೇಡಿಕೆಗೆಂದೇ ಅದನ್ನು ಬಲೆ ಬೀಸಿ ಹಿಡಿದಿರುತ್ತಾರೆ. ಕೊಳ್ಳುವವರ ಕಣ್ಣಿಗೆ ಚೆಂದ ಕಾಣಲೆಂದು ಬಣ್ಣ ಬಳಿದು ಮಾರುವುದೂ ಉಂಟು. ಒಂದನ್ನು ಬಿಡಿಸಲು ಕೊಟ್ಟ ಹಣ ಇನ್ನೊಂದನ್ನು ಹಿಡಿಯುವವನ ಬಂಡವಾಳವಾಗುತ್ತದೆ. ಕೃತ, ಕಾರಿತ, ಅನುಮೋದಿತಗಳಲ್ಲಿ ಇದು ಕಾರಿತದ ಲೆಕ್ಕಕ್ಕೆ ಬೀಳುತ್ತದೆ. ಬಿಡುವ ಹಕ್ಕಿ ವಿದೇಶೀ ಫಿಂಚಾದರೆ ಆಗುವುದು ನೇರವಾದ ಕೊಲೆ. ತಲೆಮಾರುಗಳಿಂದ ಬಟ್ಟಲಿನ ಕಾಳನ್ನೇ ಕಂಡ ಜೀವಕ್ಕೆ ದೀಪಾಂಜಲಿ ನಗರದ ಬೀದಿಯಲ್ಲಿ ಆಹಾರ ಹುಡುಕಲು ಬಾರದು. ಕಾಗೆಯಿಂದ ಬೆಕ್ಕಿನಿಂದ ತಪ್ಪಿಸಿಕೊಳ್ಳುವುದನ್ನು ಅದಕ್ಕೆ ಯಾವ ತಾಯಿಯೂ ಕಲಿಸಿಲ್ಲ.

ಹಾಗಾದರೆ ಈಗಾಗಲೇ ಮನೆಯಲ್ಲಿ ಹಕ್ಕಿಗಳಿರುವವರು ಮಾಡಬೇಕಾದುದೇನು? ಬಾಗಿಲು ತೆರೆದು ಕೈತೊಳೆದುಕೊಳ್ಳುವುದು ಪರಿಹಾರವಲ್ಲ, ಅಂಗಡಿಗೆ ಹಿಂದಿರುಗಿಸುವುದೂ ಅಲ್ಲ. ಇರುವ ಹಕ್ಕಿಗಳನ್ನು ಅವುಗಳ ಆಯುಷ್ಯವಿರುವಷ್ಟು ಕಾಲ ನೋಡಿಕೊಳ್ಳುವ ಹೊಣೆ ತಂದವರದೇ. ಮೊಟ್ಟೆಯಿಟ್ಟ ಮೇಲೆ ಅದನ್ನು ತೆಗೆದು ಎಸೆಯುವುದು, ಅದರ ಜಾಗದಲ್ಲಿ ಪ್ಲಾಸ್ಟಿಕ್ಕಿನ ಮೊಟ್ಟೆ ಇಡುವುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಉಪಾಯವಾದರೂ ಶ್ರಾವಕನಿಗೆ ಅದು ಸಲ್ಲದು. ಮೊಟ್ಟೆ ಬರುವ ಮೊದಲೇ ಕುಡಿಕೆಗಳನ್ನೂ ಹುಲ್ಲನ್ನೂ ತೆಗೆದುಬಿಡಬೇಕು. ಗಂಡುಗಳನ್ನು ಒಂದು ಕಡೆ, ಹೆಣ್ಣುಗಳನ್ನು ಒಂದು ಕಡೆ ಇಡಬೇಕು. ಜೀಬ್ರಾ ಫಿಂಚಿನಲ್ಲಿ ಗಂಡಿನ ಕೆನ್ನೆಯ ಕಿತ್ತಳೆ ಬಣ್ಣದಿಂದ ಇದು ಸುಲಭ. ಬೆಂಗಾಲೀಸಿನಲ್ಲಿ ಗಂಡುಹೆಣ್ಣು ಒಂದೇ ರೂಪವಾದ್ದರಿಂದ, ಹಾಡುವುದು ಯಾವುದೆಂದು ಕಾದು ಗುರುತಿಸಬೇಕು; ಹಾಡು ಗಂಡಿನದು. ಜಗಳಗಂಟ ಜಾತಿಗಳನ್ನು ಸಾಧುಜಾತಿಗಳಿಂದ ಬೇರ್ಪಡಿಸಬೇಕು. ಎತ್ತರಕ್ಕಿಂತ ಉದ್ದಕ್ಕೆ ಹೆಚ್ಚು ಜಾಗ ಕೊಡಬೇಕು, ಈ ಹಕ್ಕಿಗಳು ಹಾರುವುದು ಅಡ್ಡಕ್ಕೆ. ಒಂದು ಸತ್ತರೆ ಅದರ ಜಾಗಕ್ಕೆ ಹೊಸದನ್ನು ಕೊಳ್ಳಬಾರದು. ಹೀಗೆ ನಡೆದರೆ ಐದಾರು ವರ್ಷಗಳಲ್ಲಿ ಜಾಲರಿ ತಾನಾಗಿ ಬರಿದಾಗುತ್ತ ಬರುತ್ತದೆ.

ಕೊನೆಗೆ ಒಂದೇ ಒಂದು ಹಕ್ಕಿ ಉಳಿಯುವ ದಿನ ಬರುತ್ತದೆ. ಗುಂಪಿನಲ್ಲಿ ಬಾಳುವ ಈ ಜೀವಕ್ಕೆ ಒಂಟಿತನ ದೊಡ್ಡ ಸಂಕಟ. ಅದಕ್ಕೆ ಜೊತೆ ಬೇಕೆಂದು ಇನ್ನೊಂದನ್ನು ಕೊಂಡರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದೇ ಬಡಾವಣೆಯಲ್ಲಿ, ಹೀಗೆಯೇ ಕುಡಿಕೆ ತೆಗೆದು ಸಾಕುತ್ತಿರುವ ಇನ್ನೊಂದು ಮನೆಯನ್ನು ಹುಡುಕಿ, ಅಲ್ಲಿನ ಹಕ್ಕಿಗಳ ಜೊತೆಗೆ ಇದನ್ನೂ ಸೇರಿಸಿ, ಕಾಳಿನ ಖರ್ಚನ್ನು ಅದು ಬದುಕಿರುವವರೆಗೆ ತಾನೇ ಕೊಡುತ್ತ ಬರುವುದು ಸಾಧ್ಯ.